ಮೀಸಲು ಮಾತು

ಮಾತು ಇನ್ನೂ ಬಟ್ಟೆಯ ಹಾಗೆ ಸವೆಯುತ್ತಿದ್ದ ಕಾಲದಲ್ಲಿ, ಏಳು ಹಳ್ಳ ದಾಟಿದರೆ ಸಿಗುವ, ಎಂಟನೆಯದನ್ನೂ ದಾಟಿಬಿಟ್ಟರೆ ತಪ್ಪಿಹೋಗುವ ಒಂದು ಊರಿತ್ತಂತೆ. ಊರಲ್ಲೊಂದು ಕೋಣೆ, ಕೋಣೆಯಲ್ಲೊಂದು ಕುರ್ಚಿ, ಕುರ್ಚಿಯಲ್ಲಿ ಕೂತವರಿಗೆಲ್ಲ ಒಂದೇ ಪ್ರಶ್ನೆ. ನನ್ನಜ್ಜಿ ಹೇಳಿದ್ದರೆ ಈ ಕತೆ ಹೀಗೇ ಶುರುವಾಗುತ್ತಿತ್ತು. ನಡುನಡುವೆ ನಿಲ್ಲಿಸಿ, ಕೇಳುವವರು ‘ಹೂಂ’ ಅನ್ನುವ ತನಕ ಅವಳು ಮುಂದಿನ ಮಾತು ಬಿಡುತ್ತಿರಲಿಲ್ಲ. ನನಗೆ ಅಷ್ಟು ತಾಳ್ಮೆಯಿಲ್ಲ. ಊರು ನಮ್ಮದೇ, ಆ ಕುರ್ಚಿಯಲ್ಲಿ ಮೂರು ಸಲ ಕೂತು ಬೆವತವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರಿನ ಮೆಡಿಕಲ್ ಕಾಲೇಜಿನ ಸಂದರ್ಶನದ ಕೋಣೆಯಲ್ಲಿ ಒಬ್ಬರು ಕೊಟ್ಟ ಉತ್ತರವನ್ನು ಇನ್ನೊಬ್ಬರು ಕೊಡಲು ಆಗುವುದಿಲ್ಲ. ಕೊಡಬಾರದು ಎಂದಲ್ಲ, ಆಗುವುದೇ ಇಲ್ಲ. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಒಗರಾಗಿ ನಾಲಿಗೆ ದಪ್ಪಗಾಗಿ ಕೂತುಬಿಡುತ್ತದೆ. ಪ್ರಶ್ನೆ ಮಾತ್ರ ಎಪ್ಪತ್ತು ವರ್ಷದಿಂದ ಅದೇ: ನೀನು ಡಾಕ್ಟರು ಯಾಕಾಗಬೇಕು? ಉತ್ತರ ಸವೆಯುತ್ತದೆ, ಪ್ರಶ್ನೆ ಯಾಕೆ ಸವೆಯುವುದಿಲ್ಲ ಎಂದು ನಮ್ಮೂರಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

ಬಡವರ ಸೇವೆ ಎಂಬ ಉತ್ತರ ಮೊದಲನೆಯ ದಿನದ ಮೊದಲನೆಯ ಗಂಟೆಯಲ್ಲೇ ಮುಗಿಯಿತಂತೆ. ಅಮ್ಮನ ಆಸೆ, ಅಪ್ಪನ ಸಾವು, ಹಳ್ಳಿಯಲ್ಲಿ ಆಸ್ಪತ್ರೆಯಿಲ್ಲದ್ದು, ಚಿಕ್ಕಂದಿನಲ್ಲಿ ಗೊಂಬೆಗೆ ಚುಚ್ಚುಮದ್ದು ಕೊಟ್ಟದ್ದು ಎಲ್ಲವೂ ಆ ವಾರವೇ ಖಾಲಿ. ನಲವತ್ತು ವರ್ಷದ ಹಿಂದೆ ಒಬ್ಬ ಹುಡುಗ ‘ಗೊತ್ತಿಲ್ಲ’ ಎಂದು ಸತ್ಯ ಹೇಳಿ ಸೀಟು ಗಿಟ್ಟಿಸಿಕೊಂಡ. ಅವನು ಈಗ ದೊಡ್ಡ ಡಾಕ್ಟರು. ಅವತ್ತಿನಿಂದ ಆ ಕೋಣೆಯಲ್ಲಿ ಗೊತ್ತಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಪ್ರೊಫೆಸರುಗಳೂ ಏನಾದರೂ ಗೊತ್ತಿಲ್ಲದಿದ್ದರೆ ಎದ್ದು ಮೊಗಸಾಲೆಗೆ ಹೋಗಿ ಅಲ್ಲಿ ಹೇಳಿ ಬರುತ್ತಾರೆ. ಇನ್ನೊಬ್ಬಳು ಹುಡುಗಿ ಪ್ರಶ್ನೆ ಕೇಳಿದ ಮೇಲೆ ಕಾಲು ಗಂಟೆ ಸುಮ್ಮನೆ ಕೂತಿದ್ದು ಎದ್ದು ಬಂದಳು. ಅದನ್ನೂ ಉತ್ತರ ಎಂದು ಬರೆದುಕೊಂಡರು. ಹಾಗಾಗಿ ಅಲ್ಲಿ ಸುಮ್ಮನೆ ಕೂರುವುದೂ ಸಾಧ್ಯವಿಲ್ಲ. ಹೇಳಲು ಏನೂ ಇಲ್ಲದವರ ನಾಲಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತದೆ: ಬಸ್ಸಿನ ವೇಳೆ, ಮನೆಯವರ ಹೆಸರು, ಮಗ್ಗಿ.

ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಯಾರಾದರೂ ಕಾಲು ಮುರಿದುಕೊಂಡರೆ ಸಂಜೆಯೊಳಗೆ ನಾಲ್ಕೈದು ಹುಡುಗ ಹುಡುಗಿಯರು ಮೂಸಂಬಿ ಹಿಡಿದು ನೋಡಲು ಬರುತ್ತಾರೆ. ನೋವು ಹೇಗಿದೆ, ಎಲ್ಲಿ ಜಾಸ್ತಿ ಎಂದೆಲ್ಲ ವಿಚಾರಿಸಿ, ಹೊರಗೆ ಬಂದು ಕಾಂಪೌಂಡಿನ ಮೇಲೆ ನೋಟ್‌ಬುಕ್ಕಿಟ್ಟು ಬರೆದುಕೊಳ್ಳುತ್ತಾರೆ. ಮಗು ಏನಾದರೂ ಅಪರೂಪದ ಮಾತಾಡಿದರೆ ತಾಯಿ ಅದರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೆಂಟರ ಮುಂದೆ ಮಕ್ಕಳಿಂದ ಜಾಣ ಮಾತು ಆಡಿಸುವುದು ನಮ್ಮಲ್ಲಿ ಕೆಟ್ಟ ಅಭ್ಯಾಸ. ಪುಟ್ಟನಂಜಯ್ಯ ಮೇಷ್ಟ್ರು ಟ್ಯೂಷನ್ ಮನೆ ನಡೆಸುತ್ತಾರೆ. ಅಲ್ಲಿ ಹಳೆಯ ಉತ್ತರಕ್ಕೆ ಹೊಸ ಅಂಗಿ ತೊಡಿಸುವುದನ್ನು ಕಲಿಸುತ್ತಾರೆ. ತಾತ ಇದ್ದ ಕಡೆ ಸೋದರತ್ತೆ, ಕಾಮಾಲೆ ಇದ್ದ ಕಡೆ ಹಾವಿನ ಕಡಿತ. ಹತ್ತರಲ್ಲಿ ಒಂದು ಸಲ ನಾಲಿಗೆ ಮೋಸ ಹೋಗುತ್ತದೆ, ಒಂಬತ್ತು ಸಲ ಮೇಷ್ಟ್ರ ಶಿಷ್ಯರೇ ಹೋಗುತ್ತಾರೆ.

ಮೀಸಲು ಮಾತು ಎಂಬ ಪದ್ಧತಿಯೂ ಹೀಗೇ ಹುಟ್ಟಿದ್ದು. ಮಗುವಿಗೆ ಹೆಸರಿಡುವ ದಿನ ಮನೆಯ ಹಿರಿಯರೊಬ್ಬರು ಅದಕ್ಕಾಗಿ ಒಂದು ಉತ್ತರವನ್ನು ಮನಸ್ಸಿನಲ್ಲೇ ಆರಿಸಿಕೊಳ್ಳುತ್ತಾರೆ. ಬರೆಯುವಂತಿಲ್ಲ, ಯಾರ ಮುಂದೆಯೂ ಆಡುವಂತಿಲ್ಲ. ಸಂದರ್ಶನದ ದಿನ ಬೆಳಗ್ಗೆ ಮಗುವಿನ ಕಿವಿಗೆ ಹೇಳಬೇಕು. ಹೇಳುವ ಮೊದಲೇ ಹಿರಿಯರು ಹೋಗಿಬಿಟ್ಟರೆ ಮಾತೂ ಹೋಯಿತು. ಅದಕ್ಕೇ ನಮ್ಮೂರಲ್ಲಿ ಮುದುಕರಿಗೆ ಸ್ವಲ್ಪ ಕೆಮ್ಮು ಬಂದರೂ ಮನೆಯವರೆಲ್ಲ ಹಾಸಿಗೆಯ ಸುತ್ತ ಕೂತುಬಿಡುತ್ತಾರೆ. ಮುದುಕರಿಗೂ ಇದು ಗೊತ್ತು, ಬೇಕಾದಾಗ ಕೆಮ್ಮುತ್ತಾರೆ.

ನನ್ನ ಮೀಸಲು ಮಾತು ಅಜ್ಜಿಯ ಹತ್ತಿರ ಇತ್ತು. ಅಜ್ಜಿ ಎಂದರೆ ಅಪ್ಪನ ತಾಯಿ, ಬೀದಿಯ ಮಕ್ಕಳಿಗೆಲ್ಲ ಕತೆ ಹೇಳಿ ಸಾಕಿದವಳು. ಕಲ್ಲು ನುಂಗಿದ ಹದ್ದಿನ ಕತೆ, ಅತ್ತೆಯ ನೆರಳನ್ನು ಅಡವಿಟ್ಟ ಸೊಸೆಯ ಕತೆ, ಉಪ್ಪಿನ ಹುಡುಗನಿಗೂ ಮೋಡದ ಹುಡುಗಿಗೂ ಮದುವೆ ಗೊತ್ತಾಗಿ ಮುರಿದ ಕತೆ. ನಾನು ಅವುಗಳೊಳಗೇ ಬೆಳೆದವಳು. ಸ್ಕೂಲಿನಲ್ಲಿ ಮೇಷ್ಟ್ರು ಹೃದಯಕ್ಕೆ ನಾಲ್ಕು ಕೋಣೆ ಎಂದಾಗ ನನಗೆ ಮೊದಲು ಬಂದ ಯೋಚನೆ, ಯಾವ ಕೋಣೆಯಲ್ಲಿ ಯಾರಿದ್ದಾರೆ ಎನ್ನುವುದು. ಆದರೂ ಪಾಠ ಚೆನ್ನಾಗಿ ಹತ್ತುತ್ತಿತ್ತು. ಬರವಣಿಗೆಯ ಪರೀಕ್ಷೆಯಲ್ಲಿ ಮೂರು ವರ್ಷವೂ ನನ್ನ ಹೆಸರು ಮೊದಲ ಇಪ್ಪತ್ತರಲ್ಲಿತ್ತು. ತೊಡಕು ಆ ಕುರ್ಚಿಯದು.

ಮೂರು ಸಲ ಮಾತ್ರ ಕೂರಬಹುದು. ಅಜ್ಜಿಗೆ ಅವಳದೇ ಲೆಕ್ಕಾಚಾರ: ಮೀಸಲು ಮಾತನ್ನು ಮೊದಲೇ ಖರ್ಚು ಮಾಡಬಾರದು, ಕೊನೆಯ ಸಲಕ್ಕೆ ಇರಬೇಕು. ಮೊದಲ ವರ್ಷ ನಾನೇ ಕಟ್ಟಿಕೊಂಡ ಉತ್ತರ ಹಿಡಿದು ಹೋದೆ. ಅದನ್ನು ಹಿಂದಿನ ದಿನ ಮಧ್ಯಾಹ್ನ ಯಾರೋ ಹೇಳಿಯಾಗಿತ್ತು. ನಾಲಿಗೆ ಒಗರಾಯಿತು. ಸುಮ್ಮನಿರಲೂ ಬಿಡಲಿಲ್ಲ. ಹೆಸರುಬೇಳೆ ಪಾಯಸ ಮಾಡುವ ವಿಧಾನವನ್ನು, ಬೇಳೆ ಹುರಿಯುವುದರಿಂದ ಹಿಡಿದು ಏಲಕ್ಕಿ ಹಾಕುವವರೆಗೆ, ಮೂವರು ಪ್ರೊಫೆಸರರ ಮುಂದೆ ಹೇಳಿ ಎದ್ದು ಬಂದೆ. ಕಾಗದ ಹಾಕ್ತೀವಿ ಎಂದರು. ಆಯ್ಕೆಯಾದವರಿಗೆ ಸೋಮವಾರ ಬಾ ಅನ್ನುತ್ತಾರೆ, ಆಗದವರಿಗೆ ಕಾಗದ ಹಾಕ್ತೀವಿ ಅನ್ನುತ್ತಾರೆ. ಯಾರ ಮನೆಗೂ ಇದುವರೆಗೆ ಕಾಗದ ಬಂದಿಲ್ಲ. ಎರಡನೆಯ ವರ್ಷ ನನ್ನ ಉತ್ತರದ ಮೊದಲರ್ಧ ಸಲೀಸಾಗಿ ಹೊರಟಿತು, ಉಳಿದರ್ಧ ಎಂದೋ ಯಾರೋ ಆಡಿದ್ದು. ನಡು ನೀರಿನಲ್ಲಿ ನಿಂತೆ. ಅಲ್ಲಿಂದ ಮತ್ತೆ ಪಾಯಸಕ್ಕೇ ಬಂದೆ. ಬಲಗಡೆ ಕೂತಿದ್ದ ಪ್ರೊಫೆಸರು ಈ ಸಲ ಬೆಲ್ಲ ಯಾವಾಗ ಹಾಕಬೇಕು ಎಂದು ಕೇಳಿದರು. ಊರಲ್ಲಿ ನನಗೆ ಪಾಯಸದ ಹುಡುಗಿ ಎಂದೇ ಹೆಸರಾಯಿತು.

ಆ ವರ್ಷ ನಾನು ಪುಟ್ಟನಂಜಯ್ಯ ಮೇಷ್ಟ್ರ ಮನೆಯಲ್ಲಿ ‘ಆಡಿದ ಮಾತಿನ ಪಟ್ಟಿ’ ನಕಲು ಮಾಡುವ ಕೆಲಸಕ್ಕೆ ಸೇರಿದೆ. ಮುಗಿದುಹೋದ ಉತ್ತರಗಳ ಪಟ್ಟಿ ಅದು. ಹೊಸಬರು ಅದನ್ನು ಒಯ್ದು ಓದಿ, ತಮ್ಮದು ಅದರಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಎಲ್ಲ ಉತ್ತರ ತಿಳಿದಿದ್ದರೆ ಎಡವುವುದಿಲ್ಲ ಎಂದುಕೊಂಡಿದ್ದೆ. ಆದದ್ದು ಬೇರೆ. ನಾಲ್ಕು ಸಾವಿರ ಉತ್ತರಗಳನ್ನು ನನ್ನ ಕೈಯಿಂದಲೇ ಬರೆದ ಮೇಲೆ ನನ್ನೊಳಗೆ ಏನು ಹುಟ್ಟಿದರೂ ಅದು ಯಾರದೋ ಕೈಬರಹದಲ್ಲಿ ಕಾಣತೊಡಗಿತು. ಸ್ನಾನದ ಹಂಡೆಗೆ ಬಾಯಿಟ್ಟು ಮಾತಾಡಿ ನೋಡುತ್ತಿದ್ದೆ, ನನ್ನ ಧ್ವನಿ ನಡುಗುವುದನ್ನು ಹಂಡೆ ಇನ್ನೂ ದೊಡ್ಡದಾಗಿ ಕೇಳಿಸುತ್ತಿತ್ತು. ಸಂದರ್ಶನಕ್ಕೆ ಇನ್ನೂ ಎಂಟು ತಿಂಗಳಿರುವಾಗಲೇ ಅಂಗೈ ಬೆವರಲು ಶುರುವಾಗಿ ಪಟ್ಟಿಯ ಶಾಯಿ ಕಲೆಸುತ್ತಿತ್ತು. ಅಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅಪ್ಪ ಆಗದಿದ್ದರೆ ಏನಂತೆ ಎಂದು ದಿನಕ್ಕೆ ನಾಲ್ಕು ಸಲ ಹೇಳಿ, ಆಗದಿರುವುದನ್ನು ಮನೆಯಲ್ಲೇ ಒಂದು ಸಾಮಾನಿನ ಹಾಗೆ ಇಟ್ಟುಬಿಟ್ಟ. ಅಜ್ಜಿಯೊಬ್ಬಳೇ ನಿಶ್ಚಿಂತೆ. ನಿನ್ನ ಮಾತು ನನ್ನ ಹತ್ತಿರ ಭದ್ರವಾಗಿದೆ, ನಿಂಗೇನು ಕಷ್ಟ ಎನ್ನುತ್ತಿದ್ದಳು. ನನಗೆ ಧೈರ್ಯ ಅಂತ ಇದ್ದದ್ದು ಅದೊಂದೇ.

ಮೂರನೆಯ ಸಂದರ್ಶನದ ದಿನ ಬೆಳಗ್ಗೆ ಅಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಅಪ್ಪ ಅಮ್ಮನನ್ನು ಹಿತ್ತಲಿಗೆ ಕಳಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು. ಕತೆ ಹೇಳುವ ಧ್ವನಿ ಬಿಟ್ಟು ಬೇರೆ ಧ್ವನಿ ಅವಳಿಗಿಲ್ಲ.

“ಒಂದೂರಿನ ಬಾವಿಗೆ ಕಾಯಿಲೆ ಆಯ್ತು. ನೀರು ತಳ ಸೇರ್ತು. ಊರವರೆಲ್ಲ ಬಂದು ಬಗ್ಗಿ ನೋಡಿ, ಏನಾಯ್ತು ನಿಂಗೆ, ಏನಾಯ್ತು ನಿಂಗೆ ಅಂತ ಕೂಗಿದ್ರು. ಬಾವಿ ಅವರ ಮಾತನ್ನೇ ಅವರಿಗೆ ವಾಪಸ್ ಕೊಡ್ತು. ಎಲ್ರೂ ಅವರವರ ಮಾತು ಕೇಳಿಸ್ಕೊಂಡು ಮನೆಗೆ ಹೋದ್ರು. ಒಬ್ಬಳು ಮಾತ್ರ ಸೊಂಟಕ್ಕೆ ಹಗ್ಗ ಕಟ್ಕೊಂಡು ಒಳಗಿಳಿದಳು. ನಾನು ಇಳಿಯೋಳು ಆಗಬೇಕು. ಹೀಗಂತ ಹೇಳು, ಸಾಕು.”

ನಾಲ್ಕು ಸಾವಿರದ ಪಟ್ಟಿಯನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓಡಿಸಿದೆ. ಬಾವಿ ಎಲ್ಲೂ ಇರಲಿಲ್ಲ. ಇಪ್ಪತ್ತು ವರ್ಷ ಇದನ್ನು ಬಾಯೊಳಗೆ ಹೇಗಿಟ್ಟುಕೊಂಡಿದ್ದೆ ಅಜ್ಜಿ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಎರಡು ಸಲ ಅರ್ಧಕ್ಕೇ ಬಿಟ್ಟು ಬಂದೆ. ಈ ಸಲ ಪೂರ್ತಿ ಹೇಳಿ ಎದ್ದು ಬರ್ಬೇಕು. ಸೀಟು ಕೊಡೋದು ಬಿಡೋದು ಅವರ ಹಣೆಬರಹ. ಪೂರ್ತಿ ಹೇಳ್ತೀನಿ ಅಂತ ನಂಗೆ ಮಾತು ಕೊಡು.” ಕೊಟ್ಟೆ.

ಕಾಲೇಜಿನ ಮೊಗಸಾಲೆಯಲ್ಲಿ ಉದ್ದಕ್ಕೆ ಬೆಂಚು ಹಾಕಿದ್ದರು. ಜೊತೆಗೆ ಬಂದ ಹಿರಿಯರು ಒಳಗೆ ಬರುವಂತಿಲ್ಲ, ಅವರು ಹೊರಗಿನ ಮೆಟ್ಟಿಲ ಮೇಲೆ ಕೂರಬೇಕು. ಅಜ್ಜಿ ಅಲ್ಲಿ ಕಂಬಕ್ಕೆ ಒರಗಿ ಕೂತಳು. ಬೆಂಚಿನ ಮೇಲಿದ್ದ ನಾವೆಲ್ಲ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಗೊಣಗಿಕೊಳ್ಳುತ್ತಿದ್ದೆವು. ತುಟಿ ಓದುವವರಿದ್ದಾರೆ ಎಂದು ಯಾರೋ ಹೇಳಿದ್ದರು. ಒಬ್ಬೊಬ್ಬರು ಒಳಗೆ ಹೋಗಿ ಉತ್ತರ ಕೊಟ್ಟ ಹಾಗೆಲ್ಲ ಒಳಗಿನ ಗುಮಾಸ್ತರು ಅದನ್ನು ಚೀಟಿಯಲ್ಲಿ ಬರೆದು ಕಿಟಕಿಯಿಂದ ಹೊರಗೆ ಕೊಡುತ್ತಾರೆ. ಜವಾನ ನಿಂಗಪ್ಪಣ್ಣ ಅದನ್ನು ಮೆಟ್ಟಿಲ ಪಕ್ಕದ ಬೋರ್ಡಿನ ಮೇಲೆ ಬರೆದು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಾನೆ. ಮುಂದಿನವರು ಎಡವದಿರಲಿ ಎಂದು ಈ ಏರ್ಪಾಡು. ಅವನು ಓದಿದಾಗಲೆಲ್ಲ ಬೆಂಚಿನ ಮೇಲೆ ಯಾರದೋ ಒಂದು ಮುಖ ಬಿಳಿಚಿಕೊಳ್ಳುತ್ತಿತ್ತು.

ನನ್ನದು ಹದಿನಾಲ್ಕನೆಯ ನಂಬರು. ಹದಿಮೂರು ನಮ್ಮ ಎದುರು ಮನೆಯ ಪಾರಿಜಾತ. ಅವಳಿಗಿದು ಮೊದಲ ಸಲ. ಅವಳ ಮನೆಯವರು ಹಳ್ಳಗಳ ಆಚೆಯಿಂದ ಬಂದು ನೆಲೆಸಿದವರು, ಮೀಸಲು ಮಾತಿನ ಪದ್ಧತಿ ಅವರಲ್ಲಿಲ್ಲ. ನನ್ನ ಹತ್ರ ಏನೂ ಇಲ್ಲ ವಸಕ್ಕ, ಒಳಗೆ ಹೋದ ಮೇಲೆ ಏನು ಬಾಯಿಗೆ ಬರುತ್ತೋ ಅದು ಎಂದಳು. ಹೇಳುವಾಗ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ನನಗೆ ಅಯ್ಯೋ ಪಾಪ ಅನ್ನಿಸಿತು. ಅವಳ ಜಡೆ ಸರಿಮಾಡಿ, ಏನಾದರೂ ಹೊಳೆಯುತ್ತೆ ಹೋಗು ಎಂದು ಕಳಿಸಿದೆ. ಒಳಗೊಳಗೇ, ನನ್ನ ಹತ್ತಿರ ಬಾವಿಯಿದೆ ಎಂಬ ಸಣ್ಣ ಜಂಬವೂ ಇತ್ತು. ಸುಳ್ಳು ಯಾಕೆ ಹೇಳಲಿ.

ಕಿಟಕಿಯಿಂದ ಚೀಟಿ ಬಂತು. ನಿಂಗಪ್ಪಣ್ಣ ಸೀಮೆಸುಣ್ಣ ಕೊಡವಿಕೊಂಡು, ಬರೆದು ಮುಗಿಸಿ, ಹರಾಜು ಕೂಗುವವನ ಧ್ವನಿಯಲ್ಲಿ ಓದಿದ: ಹದಿಮೂರನೇ ನಂಬರು. ಒಂದು ಊರಿನ ಬಾವಿಗೆ ಕಾಯಿಲೆಯಾಯಿತು.

ಮೊದಲು ಅದು ನನ್ನ ತಲೆಯೊಳಗೇ ಕೇಳುತ್ತಿದೆ ಎಂದುಕೊಂಡೆ. ಬೆಳಗಿನಿಂದ ಅದೊಂದೇ ತಾನೇ ಅಲ್ಲಿ ಸುತ್ತುತ್ತಿದ್ದದ್ದು. ಆದರೆ ನಿಂಗಪ್ಪಣ್ಣ ನೀರು ತಳ ಸೇರಿಸಿದ, ಊರವರನ್ನು ಬಗ್ಗಿಸಿ ಕೂಗಿಸಿದ, ಹುಡುಗಿಯ ಸೊಂಟಕ್ಕೆ ಹಗ್ಗ ಕಟ್ಟಿದ. ಕೊನೆಗೆ, ನಾನು ಇಳಿಯುವವಳಾಗಬೇಕು ಎಂದು ನಿಲ್ಲಿಸಿದ. ಮೆಟ್ಟಿಲ ಮೇಲಿದ್ದವರಲ್ಲಿ ಯಾರೋ ಆಹಾ ಎಂದರು. ಬಾಗಿಲಿನಾಚೆ ಅಜ್ಜಿಯ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಬೋರ್ಡಿನ ಕಡೆಗೇ ನೋಡುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ.

ಪಾರಿಜಾತ ಹೊರಗೆ ಬಂದಳು. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

“ಸೋಮವಾರ ಬಾ ಅಂದ್ರು ವಸಕ್ಕ. ನಿಮ್ಮಜ್ಜಿ ಕತೆ ಅದು. ನಂಗೆ ಇಪ್ಪತ್ತೊಂದು ದಿನ ಜ್ವರ ಬಂದು ಮಲಗಿದ್ನಲ್ಲ, ಮೂರನೇ ಕ್ಲಾಸಲ್ಲಿ, ಆಗ ಹೇಳಿದ್ರು. ಮರೆತೇ ಹೋಗಿತ್ತು. ಆ ಕುರ್ಚೀಲಿ ಕೂತ ತಕ್ಷಣ ಅದೇ ಬಾಯಿಗೆ ಬಂತು ನೋಡು. ಯಾಕಕ್ಕ ಹಿಂಗೆ ಬೆವತಿದೀಯ?”

“ಸೆಕೆ,” ಎಂದೆ.

ಆ ಜ್ವರ ನನಗೂ ನೆನಪಿತ್ತು. ಅಜ್ಜಿ ದಿನವೂ ಎದುರು ಮನೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂತು ಕತೆ ಹೇಳುತ್ತಿದ್ದಳು. ಹದ್ದು, ಸೊಸೆ, ಉಪ್ಪಿನ ಹುಡುಗ ಎಲ್ಲ ಮುಗಿದ ಮೇಲೂ ಜ್ವರ ಇಳಿದಿರಲಿಲ್ಲ. ಯಾವುದೋ ಒಂದು ಮಧ್ಯಾಹ್ನ, ಮಗು ಇನ್ನೊಂದು ಎಂದಾಗ, ಬಾಯೊಳಗೆ ಉಳಿದಿದ್ದ ಒಂದೇ ಒಂದು ಕತೆಯನ್ನೂ ಕೊಟ್ಟುಬಿಟ್ಟಿದ್ದಾಳೆ. ಕೊಟ್ಟದ್ದನ್ನು ಮರೆತೂ ಬಿಟ್ಟಿದ್ದಾಳೆ. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟರಲ್ಲಿ ನಿಂಗಪ್ಪಣ್ಣ ಹದಿನಾಲ್ಕು ಎಂದು ಕೂಗಿದ. ನಾನು ಕೂತೇ ಇದ್ದೆ. ಹದಿನೈದನ್ನು ಮೊದಲು ಕಳಿಸಬಹುದಾ ಎಂದು ಕೇಳಿದೆ. ಹಾಗೆ ಮಾಡುವ ಪದ್ಧತಿಯಿಲ್ಲ ಎಂದ. ಆಮೇಲೆ ಹತ್ತಿರ ಬಂದು, ಇಷ್ಟು ವರ್ಷ ಆ ಬಾಗಿಲು ಕಾದವನ ದನಿಯಲ್ಲಿ, “ಹೋಗವ್ವ, ಕೂತಷ್ಟೂ ಹೆದರಿಕೆ ಜಾಸ್ತಿಯಾಗ್ತದೆ,” ಎಂದ.

ಒಳಗೆ ಮೂವರಿದ್ದರು. ಎಡಗಡೆ ಹೊಸ ಪ್ರೊಫೆಸರೊಬ್ಬರು. ಬಲಗಡೆ ಪಾಯಸದವರು, ನನ್ನನ್ನು ಕಂಡು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತರು. ನಡುವೆ ಬೆಳ್ಳಗಿನ ಗಿಡ್ಡ ಕೂದಲಿನ ಡಾಕ್ಟರಮ್ಮ, ಇಡೀ ಊರಿನ ಹೆರಿಗೆ ಮಾಡಿಸಿದವರು, ನಾನು ಹುಟ್ಟಿದ್ದೂ ಅವರ ಕೈಯಲ್ಲೇ. ಕಿಟಕಿಯ ಪಕ್ಕ ಗುಮಾಸ್ತರು ಪೆನ್ನು ಹಿಡಿದು ಕೂತಿದ್ದರು. ಡಾಕ್ಟರಮ್ಮ ನನ್ನ ಹೆಸರು ಕೇಳಿದರು. ವಸುಮತಿ ಎಂದೆ, ಅಷ್ಟು ಬಂತು. ಆಮೇಲೆ ಆ ಪ್ರಶ್ನೆ ಕೇಳಿದರು.

ಬಾವಿ ಎನ್ನಲು ಬಾಯಿ ತೆರೆದೆ. ಸುಮ್ಮನೆ ನೋಡೋಣವೆಂದು. ಬಾಯೆಲ್ಲ ಒಗರು. ಅದನ್ನು ಕೆರೆ ಮಾಡಲು ನೋಡಿದೆ, ಹಗ್ಗವನ್ನು ಏಣಿ ಮಾಡಲು ನೋಡಿದೆ, ಮೇಷ್ಟ್ರ ವಿದ್ಯೆ. ಆಗಲಿಲ್ಲ. ಪಟ್ಟಿಯ ನಾಲ್ಕು ಸಾವಿರವೂ ದಿಬ್ಬಣದ ಹಾಗೆ ಕಣ್ಣ ಮುಂದೆ ಹಾದುಹೋದವು, ಎಲ್ಲದರ ಹಣೆಯ ಮೇಲೂ ಮುಗಿದಿದೆ ಎಂದು ನನ್ನದೇ ಅಕ್ಷರ. ಮಾತು ನಿಂತ ಕ್ಷಣ ನಾಲಿಗೆ ತಾನಾಗಿ ಹೊರಟಿತು. “ಹೆಸರುಬೇಳೆಯನ್ನ ಸಣ್ಣ ಉರೀಲಿ…” ಎನ್ನುವುದು ನನ್ನ ಕಿವಿಗೇ ಕೇಳಿಸಿತು. ಪಾಯಸದವರು ತಲೆದೂಗಿದರು. ನಾನು ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಭಯ ಎನ್ನೋಣವೆಂದರೆ ಅದೂ ಇನ್ನೂರ ಹನ್ನೆರಡನೆಯ ಉತ್ತರ.

ಒಂದು ಮಾತಿತ್ತು. ಅದನ್ನು ನಾನು ಉತ್ತರ ಎಂದು ಎಂದೂ ಎಣಿಸಿರಲಿಲ್ಲ. ಅದು ಯಾರಿಗೂ ಹೇಳುವಂಥದ್ದಾಗಿರಲಿಲ್ಲ, ಅದಕ್ಕೆ. ಈಗ ಹೇಳಿದರೆ ಗುಮಾಸ್ತರು ಬರೆಯುತ್ತಾರೆ, ಚೀಟಿ ಕಿಟಕಿ ದಾಟುತ್ತದೆ, ನಿಂಗಪ್ಪಣ್ಣ ಓದುತ್ತಾನೆ. ಮೆಟ್ಟಿಲ ಮೇಲೆ ಅಜ್ಜಿ ಕೂತಿದ್ದಾಳೆ. ನಾಲಿಗೆ ಹಲ್ಲಿನ ಕೆಳಗಿಂದ ಜಾರತೊಡಗಿತ್ತು. ಪಾಯಸ, ಇಲ್ಲವೇ ಅದು. ಯೋಚಿಸಲು ಆ ಕೋಣೆ ಸಮಯ ಕೊಡುವುದಿಲ್ಲ.

“ನಮ್ಮನೇಲಿ ಎಲ್ಲರಿಗಿಂತ ಮೊದಲು ನಾನು ಏಳ್ತೀನಿ,” ಎಂದೆ. ಒಗರಾಗಲಿಲ್ಲ. “ಎದ್ದು, ಅಜ್ಜಿ ಮಲಗಿರೋ ಹತ್ರ ಹೋಗಿ, ಮೂಗಿನ ಕೆಳಗೆ ಬೆರಳು ಹಿಡೀತೀನಿ. ಉಸಿರು ತಾಕೋ ತನಕ ಹಾಗೇ ಇರ್ತೀನಿ. ಒಂಬತ್ತು ವರ್ಷದವಳಿದ್ದಾಗಿಂದ. ಪಕ್ಕದ ಬೀದೀಲಿ ಒಬ್ಬರು ಅಜ್ಜಿ ಬೆಳಗ್ಗೆ ಏಳಲಿಲ್ಲ ಅಂತ ಕೇಳಿದ ಮಾರನೇ ದಿನದಿಂದ. ನಂಗೆ ಜ್ವರ ಬಂದ ದಿನಾನೂ ಬಿಟ್ಟಿಲ್ಲ. ಕೆಲವು ಸಲ ಬೇಗ ತಾಕುತ್ತೆ. ಕೆಲವು ಸಲ ತಡ ಆಗುತ್ತೆ. ತಡ ಆದಾಗ ನನ್ನ ಉಸಿರೂ ನಿಲ್ಲುತ್ತೆ. ಒಂದು ದಿನ ತಾಕದೇ ಹೋದ್ರೆ ಏನು ಮಾಡಬೇಕು ಅಂತ ನಂಗೆ…”

ಅಲ್ಲಿ ಸಿಕ್ಕಿಕೊಂಡೆ. ಮುಂದಿನ ಮಾತು ‘ಗೊತ್ತಿಲ್ಲ’ ಎಂಬುದು. ಆ ಕೋಣೆಯಲ್ಲಿ ಅದಿಲ್ಲ. ಒಗರು ನಾಲಿಗೆಯ ಬುಡಕ್ಕೆ ಬಂದು ನಿಂತಿತು. ಬಲಗಡೆಯವರು ಪೆನ್ಸಿಲ್ ಕೆಳಗಿಟ್ಟರು. ಹೊರಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಅಜ್ಜಿಯ ಕೆಮ್ಮಲ್ಲ, ಅದು ನನಗೆ ಗೊತ್ತಾಗುತ್ತದೆ. ಗೊತ್ತಿಲ್ಲ ಎನ್ನಲಾಗದಿದ್ದರೆ, ಗೊತ್ತಿರುವುದನ್ನೇ ಹೇಳಬೇಕು. ತಾಕದ ದಿನ ನಾನೇನು ಮಾಡುತ್ತೇನೆ ಎಂದು ಮೊದಲ ಸಲ ಕಣ್ಣು ಮುಚ್ಚದೆ ನೋಡಿದೆ.

“ಒಂದು ದಿನ ತಾಕದೇ ಹೋದ್ರೆ, ನಾನು ಬೆರಳು ಹಿಡ್ಕೊಂಡು ನಿಂತೇ ಇರ್ತೀನಿ. ಇನ್ನೇನೂ ಮಾಡಲ್ಲ. ಬಿಸಿಲು ಬಂದ್ರೂ ನಿಂತಿರ್ತೀನಿ. ಯಾರಾದ್ರೂ ಬಂದು ಕೈ ಹಿಡಿದು ಎಳೆಯೋ ತನಕ. ಬರೀ ನಿಂತ್ಕೊಂಡಿರೋಳು ನಾನಾಗಬಾರ್ದು. ಅದಕ್ಕೆ.”

ಮುಗಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ನನ್ನ ಮಾತು ತನ್ನ ಕಾಲ ಮೇಲೆ ತಾನೇ ನಡೆದು ಕೊನೆ ಮುಟ್ಟಿತ್ತು. ಗುಮಾಸ್ತರ ಪೆನ್ನಿನ ಸದ್ದು ಸ್ವಲ್ಪ ಹೊತ್ತು ಇತ್ತು, ಆಮೇಲೆ ಚೀಟಿ ಹರಿದ ಸದ್ದು. ಕಿಟಕಿಯಾಚೆ ನಿಂಗಪ್ಪಣ್ಣ ಹದಿನಾಲ್ಕನೇ ನಂಬರು ಎಂದು ಶುರುಮಾಡಿದ. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಳ್ಳಲಿಲ್ಲ, ಡಾಕ್ಟರಮ್ಮ ನೋಡುತ್ತಿದ್ದರು.

“ಇವತ್ತು ಬೆಳಗ್ಗೆ?” ಎಂದರು.

“ತಾಕ್ತು.”

“ಬೆರಳು ಹಿಡೀಬಾರದು. ಬೆರಳಿಗೆ ಅಷ್ಟು ಸೂಕ್ಷ್ಮ ತಿಳಿಯಲ್ಲ. ಬಗ್ಗಿ ಕೆನ್ನೆ ಹಿಡೀಬೇಕು. ಕಣ್ಣು ಎದೆ ಕಡೆ ಇರಬೇಕು, ಏಳುತ್ತಾ ಇಲ್ವಾ ಅಂತ.” ಅಷ್ಟು ಹೇಳಿ ಅವರು ಮುಂದಿನ ಹಾಳೆ ತಿರುವಿದರು. “ಮಿಕ್ಕಿದ್ದು ಒಂದೊಂದಾಗಿ ಹೇಳಿಕೊಡ್ತೀವಿ. ಸೋಮವಾರ ಬಾ.”

ಹೊರಗೆ ಹೋಗುವ ದಾರಿ ಹತ್ತು ಹೆಜ್ಜೆ. ಅಷ್ಟರಲ್ಲಿ ಖುಷಿ ಬರಬಹುದೆಂದು ಕಾದೆ, ಬರಲಿಲ್ಲ. ನಿಂಗಪ್ಪಣ್ಣ ಓದಿ ಮುಗಿಸಿದ್ದ. ಬೆಂಚಿನವರೂ ಮೆಟ್ಟಿಲಿನವರೂ ನನ್ನನ್ನು ಬಿಟ್ಟು ಅಜ್ಜಿಯನ್ನೇ ನೋಡುತ್ತಿದ್ದರು. ದಿನಾ ಬೆಳಗ್ಗೆ ಇವಳು ಹೋದಳೋ ಇದ್ದಾಳೋ ಎಂದು ಮೊಮ್ಮಗಳು ನೋಡುತ್ತಾಳೆ ಎಂಬುದನ್ನು ಊರ ಮುಂದೆ ಕೇಳಿಸಿಕೊಂಡ ಮುದುಕಿಯ ಮುಖ ಹೇಗಿರುತ್ತದೆ ಎಂದು ನೋಡುವ ಆಸೆ ಯಾರಿಗಿರುವುದಿಲ್ಲ. ಪಾರಿಜಾತ ಅವಳ ಪಕ್ಕ ಕೂತು ಅಳುತ್ತಿದ್ದಳು. ಬಾವಿ ನನ್ನ ಮೀಸಲು ಮಾತಾಗಿತ್ತೆಂದು ಅಜ್ಜಿಯೇ ಅವಳಿಗೆ ಹೇಳಿರಬೇಕು. ಅಜ್ಜಿ ಅವಳ ತಲೆ ಸವರುತ್ತಿದ್ದಳು.

ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಮುಖ ನೋಡುವ ಧೈರ್ಯವಿರಲಿಲ್ಲ. ಅವಳ ಕಾಲುಂಗುರ ನೋಡುತ್ತ ಸೋಮವಾರ ಎಂದೆ. ಅದನ್ನು ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

“ಜ್ವರದ ಮಗು ಕಣೇ. ಕತೆ ಮುಗೀತು ಅಂತ ಹೆಂಗೆ ಹೇಳ್ಲಿ,” ಎಂದಳು. “ಪೂರ್ತಿ ಹೇಳಿದ್ಯಾ?”

“ಹೇಳಿದೆ.”

“ಹೂಂ,” ಎಂದಳು ಅಜ್ಜಿ. ಹೂಂ ಅನ್ನಿಸಿಕೊಳ್ಳುವವಳು ಅವಳು, ತಾನಾಗಿ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬಗ್ಗಿ, ಸುತ್ತಲಿನವರಿಗೂ ಕೇಳುವ ಹಾಗೆಯೇ ಹೇಳಿದಳು. “ನಂಗೆ ಗೊತ್ತಿರಲಿಲ್ಲ ಅಂದ್ಕೊಂಡಿದೀಯಾ? ನಿನ್ನ ಬೆರಳು ಮೂಗಿನ ಹತ್ರ ಬಂದಾಗೆಲ್ಲ ಉಸಿರು ಒಂಚೂರು ಜೋರಾಗೇ ಬಿಡ್ತಿದ್ದೆ. ಹುಡುಗಿ ಬೇಗ ಹೋಗಿ ಕಾಫಿಗೆ ನೀರಿಡಲಿ ಅಂತ.”